ನಾಲ್ಕು ಮುಂಜಾವಿನ ಹುಳಿ

ತಕ್ಕಡಿಯಮ್ಮನಿಗೆ ಮನುಷ್ಯರಿಗಿಂತ ಅಂಕಿ ಹೆಚ್ಚು. ಇದು ಬೆನ್ನ ಹಿಂದೆ ಆಡಿದ ಮಾತಲ್ಲ. ಸೋದರತ್ತೆ ಇದನ್ನು ಅವಳ ಮುಖದೆದುರಿಗೇ ಹೇಳಿದ್ದಳು. ಅವಳು "ಇರಬಹುದು" ಎಂದು ತಟ್ಟೆ ತೊಳೆಯಲು ಎದ್ದಿದ್ದಳು. ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಅಸಿಸ್ಟೆಂಟಾಗಿ ದುಡಿದ ಈ ಹೆಂಗಸಿನಲ್ಲಿ ಮೆತ್ತಗಿರುವುದು ಏನಾದರೂ ಇದ್ದರೆ ಅದು ಕಾಲಿನ ಚಪ್ಪಲಿ ಮಾತ್ರ ಎಂದು ವಿದ್ಯಾರ್ಥಿಗಳು ನಗುತ್ತಿದ್ದರು. ಆ ರಬ್ಬರ್ ಚಪ್ಪಲಿ ಸದ್ದು ಮಾಡುತ್ತಿರಲಿಲ್ಲ. ಅವಳು ಹಿಂದೆ ಬಂದು ನಿಂತದ್ದು ತಿಳಿಯುವಷ್ಟರಲ್ಲಿ ಅವಳ ಬೆರಳು ತಪ್ಪು ಅಂಕಿಯ ಮೇಲೆ ಇರುತ್ತಿತ್ತು.

ಯಾವುದನ್ನೇ ಆಗಲಿ ಎರಡು ಸಲ ತೂಗುತ್ತಿದ್ದಳು, ಅದಕ್ಕೆ ಆ ಹೆಸರು. ಎರಡೂ ತೂಕ ಒಂದೇ ಬಂದರೆ ಮೂರನೆಯ ಸಲ ತೂಗುವಳೆಂದೂ ಹೇಳುವವರಿದ್ದರು, ಅದು ಉತ್ಪ್ರೇಕ್ಷೆ.

ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಮೊದಲ ದಿನದ ಪಾಠ ಅವಳದೇ. ಪಾಠ ಮಾಡುವುದು ಅವಳ ಕೆಲಸವಲ್ಲ. ಆದರೆ ಪ್ರೊಫೆಸರು ಒಂದು ಗಂಟೆ ಮಾತಾಡಿದ ಮೇಲೂ ಮಕ್ಕಳ ಮುಖ ಖಾಲಿಯಾಗಿಯೇ ಇರುತ್ತಿದ್ದುದರಿಂದ ಇವಳು ಮೇಜಿನ ಮೇಲೆ ಮೂರು ಕುಂಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ಒಂದರಲ್ಲಿ ಗೋಧಿ, ಒಂದರಲ್ಲಿ ಮೆಕ್ಕೆಜೋಳ, ಒಂದರಲ್ಲಿ ಕಳ್ಳಿ.

"ಗಿಡ ಮಣ್ಣು ತಿಂದು ಬೆಳೆಯುತ್ತೆ ಅಂದ್ಕೊಂಡಿದ್ದೀರಿ ತಾನೆ? ಅದು ತಿನ್ನೋದು ಗಾಳಿ. ಈ ಮೇಜು ಕೂಡ ಒಂದು ಕಾಲಕ್ಕೆ ಗಾಳೀನೇ. ಗಾಳಿಯಲ್ಲಿರೋ ಇಂಗಾಲವನ್ನ ಎಲೆ ಹಿಡಿದು, ಬಿಸಿಲಿನ ಬಲದಿಂದ ಸಕ್ಕರೆ ಮಾಡ್ಕೊಳ್ಳುತ್ತೆ. ಹಿಡಿಯೋ ರೀತಿ ಮಾತ್ರ ಮೂರು. ಈ ಗೋಧಿ ಇದೆಯಲ್ಲ, ಇದು ಹಗಲು ಬಾಗಿಲು ತೆಗೆದು, ಬಂದ ಇಂಗಾಲವನ್ನ ನೇರವಾಗಿ ಅಡುಗೆಮನೆಗೇ ಬಿಟ್ಕೊಳ್ಳುತ್ತೆ. ಹೆಚ್ಚಿನ ಗಿಡಗಳೆಲ್ಲ ಹೀಗೇ. ಆದರೆ ಹಿಡಿಯೋ ಕೆಲಸದವನು ಸ್ವಲ್ಪ ಮಂಕ. ಸೆಕೆ ಏರಿದ ಹಾಗೆ ಇಂಗಾಲ ಯಾವುದು, ಆಮ್ಲಜನಕ ಯಾವುದು ಅಂತ ಗೊತ್ತಾಗದೆ ಎರಡನ್ನೂ ಹಿಡಿದು ತರ್ತಾನೆ. ತಂದ ತಪ್ಪನ್ನ ಸರಿಮಾಡೋದೇ ಎಲೆಗೆ ಇನ್ನೊಂದು ದುಡಿಮೆ. ಮೆಕ್ಕೆಜೋಳ, ಕಬ್ಬು ಇವು ಜಾಣ. ಬಾಗಿಲಲ್ಲಿ ಬೇರೊಬ್ಬಳನ್ನ ನಿಲ್ಲಿಸಿವೆ. ಅವಳು ಇಂಗಾಲವನ್ನಷ್ಟೇ ಹಿಡಿದು ಒಳಕೋಣೆಗೆ ದಾಟಿಸ್ತಾಳೆ. ಮಂಕ ಒಳಗೆ ಕೂತು ಅವಳು ಕೊಟ್ಟಿದ್ದನ್ನ ಬೇಯಿಸ್ತಾನೆ, ಅಷ್ಟೆ."

"ಕಳ್ಳಿ?"

"ಕಳ್ಳಿಗೆ ನೀರಿನ ಚಿಂತೆ. ಹಗಲು ಬಾಗಿಲು ತೆಗೆದರೆ ಇಂಗಾಲ ಒಳಗೆ ಬರುತ್ತೆ, ನೀರು ಆವಿಯಾಗಿ ಹೊರಗೆ ಹೋಗುತ್ತೆ. ಅದಕ್ಕೆ ರಾತ್ರಿ ತಂಪಿನಲ್ಲಿ ತೆಗೆದು, ಸಿಕ್ಕ ಇಂಗಾಲವನ್ನ ಹುಳಿ ಮಾಡಿ ತುಂಬಿಟ್ಕೊಳ್ಳುತ್ತೆ. ಬೆಳಗಾದ ಮೇಲೆ ಬಾಗಿಲು ಹಾಕಿ, ಆ ಹುಳಿ ಒಡೆದು ಅಡುಗೆ ಶುರು."

"ಹಾಸ್ಟೆಲ್ ಹುಡುಗರ ಹಾಗೆ ಅನ್ನಿ. ರಾತ್ರಿಯೆಲ್ಲ ತಿರುಗಾಟ, ಹಗಲು ಬಾಗಿಲು ಬಂದ್."

"ಅದು ಬಾಗಿಲು ಹಾಕ್ಕೊಂಡು ಕೆಲಸ ಮಾಡುತ್ತಪ್ಪ. ನೀನು?"

ಕೋಣೆ ಗೊಳ್ಳೆನ್ನುತ್ತಿತ್ತು. ಅವಳು ನಗುತ್ತಿರಲಿಲ್ಲ. ಇನ್ನೂ ಒಂದು ಗಿಡದ ಮಾತು ಹೇಳಬೇಕಿತ್ತು, ಅದನ್ನು ಹನ್ನೆರಡು ವರ್ಷದಿಂದ ಅವಳು ಹೇಳುತ್ತಿರಲಿಲ್ಲ.

ಆ ಗಿಡ ಗೋಣಿಸೊಪ್ಪು. ಕೆಂಪು ದಂಟು, ಬೆರಳುಗುರಿನಷ್ಟು ಅಗಲದ ದಪ್ಪನೆಯ ಎಲೆ. ನೆಲಕ್ಕೆ ಅಂಟಿಕೊಂಡು ಹರಡುವ ಕಳೆ. ಕಾಲುದಾರಿಯ ಕಲ್ಲುಗಳ ಬಿರುಕು, ಬಸ್ ನಿಲ್ದಾಣದ ಗೋಡೆಯ ಬುಡ, ಚರಂಡಿಯ ಅಂಚು, ಎಲ್ಲಿ ನೋಡಿದರೂ ಅದೇ. ಕಿತ್ತು ಎಸೆದರೆ ಎಸೆದಲ್ಲೇ ಬೇರು ಬಿಡುತ್ತದೆ. ನೀರಿದ್ದಾಗ ಅದು ಮೆಕ್ಕೆಜೋಳದ ಹಾಗೆ ಹಗಲು ದುಡಿಯುತ್ತದೆ. ನೀರು ನಿಂತರೆ ಕಳ್ಳಿಯ ಹಾಗೆ ರಾತ್ರಿಯೂ ಬಾಗಿಲು ತೆಗೆಯುತ್ತದೆಯೋ? ತೆಗೆದರೆ ಯಾವಾಗ, ಎಷ್ಟು? ಈ ಪ್ರಶ್ನೆಯನ್ನು ಆ ವಿಭಾಗದಲ್ಲಿ ಮೊದಲು ಹಿಡಿದವಳು ತಕ್ಕಡಿಯಮ್ಮನ ತಂಗಿ.

ತಾಯಿ ಹೋದಾಗ ಅಕ್ಕನಿಗೆ ಹತ್ತೊಂಬತ್ತು, ತಂಗಿಗೆ ಒಂಬತ್ತು. ತಂದೆ ಲಾರಿ ಓಡಿಸುತ್ತಿದ್ದ. ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇದ್ದ. ಕೊನೆಗೆ ಯಾವುದೋ ರಸ್ತೆಯ ಪಾಲೇ ಆದ. ಅಕ್ಕ ಕಾಲೇಜಿನ ಎರಡನೆಯ ವರ್ಷಕ್ಕೆ ಪುಸ್ತಕ ಮುಚ್ಚಿ ಪ್ರಯೋಗಾಲಯ ಸೇರಿದಳು. ಮುದ್ರಣಾಲಯವೊಂದರ ಮೇಲೆ ಎರಡು ಕೋಣೆಯ ಮನೆ. ಕೆಳಗೆ ಯಂತ್ರ ಓಡಿದಾಗ ಮೇಲೆ ಲೋಟದ ನೀರು ನಡುಗುತ್ತಿತ್ತು. ಆ ನಡುಗುವ ಮೇಜಿನ ಮೇಲೆ ತಂಗಿ ಅಂಕಿ ತಿದ್ದಿದಳು. "ಏಳನ್ನ ಯಾಕೆ ಒಂದರ ಹಾಗೆ ಬರೀತೀಯ? ನೋಡಿದವರು ಏನಂತ ತಿಳ್ಕೋಬೇಕು?" ಎಂದು ಅಕ್ಕ ಗದರುವಳು. "ಮೇಜು ನಡುಗಿತು" ಎಂದು ತಂಗಿ. "ಮೇಜು ನಿಂತ ಮೇಲೆ ಬರಿ." ಈ ಮನೆಯಲ್ಲಿ ಮುದ್ದು ಎಂದರೆ ಇಷ್ಟೇ. ಹೀಗೆಂದು ಅಲ್ಲಿ ಪ್ರೀತಿ ಇರಲಿಲ್ಲ ಎನ್ನುವವರು ಮನೆಗಳನ್ನು ಹೊರಗಿನಿಂದ ನೋಡಿದವರು.

ತಂಗಿ ಓದಿದಳು, ಚೆನ್ನಾಗಿಯೇ ಓದಿದಳು. ಅಕ್ಕ ಬಾಟಲಿ ತೊಳೆಯುತ್ತಿದ್ದ ಪ್ರಯೋಗಾಲಯಕ್ಕೇ ಸಂಶೋಧಕಿಯಾಗಿ ಬಂದಳು. ಮೊದಲ ಎಂಟು ತಿಂಗಳು ನೀರು ಕುಡಿದ ಗೋಣಿಸೊಪ್ಪಿನ ಹಗಲಿನ ಕೆಲಸ ಅಳೆದಳು. ಆಮೇಲೆ ನಿಜವಾದ ಪರೀಕ್ಷೆ. ಹದಿನಾಲ್ಕು ದಿನ ಕುಂಡಗಳಿಗೆ ನೀರು ಬಂದ್. ದಿನವೂ ಸಂಜೆ ಒಮ್ಮೆ, ಬಿಸಿಲು ಬೀಳುವ ಮೊದಲು ಮುಂಜಾನೆ ಒಮ್ಮೆ ಎರಡು ಗ್ರಾಂ ಎಲೆ ಕಿತ್ತು, ಅರೆದು, ಕುದಿಸಿ, ಸೋಸಿ, ಆ ರಸಕ್ಕೆ ಅಳತೆಗೆರೆಗಳಿರುವ ಬ್ಯೂರೆಟ್ಟಿನಿಂದ ತೊಟ್ಟುತೊಟ್ಟಾಗಿ ಕ್ಷಾರ ಬಿಡಬೇಕು. ರಸ ನಸುಗೆಂಪಾಗಿ ತಿರುಗಿದ ಕ್ಷಣ ನಿಲ್ಲಿಸಬೇಕು. ಎಷ್ಟು ಕ್ಷಾರ ಕುಡಿಯಿತೋ ಅಷ್ಟು ಹುಳಿ, ಇದೇ ಟೈಟ್ರೇಷನ್. ಸಂಜೆಗಿಂತ ಮುಂಜಾನೆ ಹುಳಿ ಹೆಚ್ಚಿದ್ದರೆ ಗಿಡ ರಾತ್ರಿ ಇಂಗಾಲ ಹಿಡಿದಿದೆ ಎಂದರ್ಥ.

ಏಳು ದಿನ ಏನೂ ಆಗಲಿಲ್ಲ. ಸಂಜೆಗೂ ಮುಂಜಾನೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಏಳನೆಯ ದಿನ ಅಕ್ಕ ಹೊಸ ಕ್ಷಾರ ಕಲಸಿ, ಬಾಟಲಿಯ ಮೇಲೆ ಗಾಜಿನ ಪೆನ್ಸಿಲಿನಿಂದ ಗೆರೆ ಎಳೆದು, ಸೋದರತ್ತೆಯ ಕಣ್ಣಿನ ಆಪರೇಷನ್ನಿಗೆಂದು ಅವಳ ಊರಿಗೆ ಹೋದಳು. ಹನ್ನೊಂದನೆಯ ದಿನ ಸಂಜೆ ಮರಳಿ ಬಂದವಳು ನೇರ ಪ್ರಯೋಗಾಲಯಕ್ಕೇ ಬಂದಳು. ರಿಜಿಸ್ಟರಿನಲ್ಲಿ ನಾಲ್ಕು ದಿನದ ಸಾಲುಗಳು ತುಂಬಿದ್ದವು. ಅಂಕಿಗಳು ಹಿಂದಿನ ಏಳು ದಿನದ್ದಕ್ಕಿಂತಲೂ ಅಚ್ಚುಕಟ್ಟು. ಎಲೆ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಾಟಲಿ ನೋಡಿದಳು. ಕ್ಷಾರ ಅವಳು ಎಳೆದ ಗೆರೆಯಲ್ಲೇ ನಿಂತಿತ್ತು. ಒಂದು ಕೂದಲಿನಷ್ಟೂ ಇಳಿದಿರಲಿಲ್ಲ.

ಆಗ ಅವಳು ಮನೆಗೆ ಹೋಗಿ ಕೇಳಬಹುದಿತ್ತು. ಹಾಗೆ ಮಾಡದೆ, ಪೆನ್ನು ತೆಗೆದು ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಬರೆದಳು: "೮ರಿಂದ ೧೧ರವರೆಗಿನ ಮುಂಜಾನೆಗಳನ್ನು ಅಳೆದಿಲ್ಲ." ಕೆಳಗೆ ಸಹಿ ಮಾಡಿದಳು, ದಿನಾಂಕ ಹಾಕಿದಳು. ಅಲ್ಲಿನ ಪದ್ಧತಿಯೇ ಹಾಗೆ: ತಪ್ಪು ಕಂಡವರು ಕಂಡ ಹೊತ್ತಿಗೇ ಬರೆಯಬೇಕು. ಆ ಪದ್ಧತಿಯನ್ನು ತಂಗಿಗೆ ಕಲಿಸಿದವಳೂ ಅವಳೇ.

ಬೆಳಿಗ್ಗೆ ಪ್ರೊಫೆಸರು ಓದಿದರು. "ನಾಲ್ಕು ಸುಳ್ಳು ಅಂತ ಗೊತ್ತಾಯ್ತು. ಉಳಿದದ್ದು ನಿಜ ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದರು. ಕುಂಡಗಳನ್ನು ಅಂದೇ ಖಾಲಿ ಮಾಡಿಸಿದರು. ಎಂಟು ತಿಂಗಳ ಕೆಲಸ ಕಪಾಟು ಸೇರಿತು. ತಂಗಿ ಜಗಳವಾಡಲಿಲ್ಲ. ಸಂಜೆ ಮನೆಗೆ ಬಂದು ಬಟ್ಟೆ ತುಂಬಿಕೊಂಡು, ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ ನಿಂಗೆ?"

ಕೆಳಗೆ ಯಂತ್ರ ಓಡುತ್ತಿತ್ತು. ಅಕ್ಕ ಅದು ನಿಲ್ಲಲೆಂದು ಕಾದಳು. ಅದು ನಿಂತಾಗ ತಂಗಿ ಮೆಟ್ಟಿಲು ಇಳಿದಾಗಿತ್ತು.

ಎರಡು ತಿಂಗಳ ಮೇಲೆ ಮದುವೆಯ ಸುದ್ದಿಯನ್ನು ಸೋದರತ್ತೆ ತಂದಳು. ಹುಡುಗ ಕನ್ನಡಕದ ಅಂಗಡಿಯವನು, ಬೇರೆ ಊರಿನವನು. ವಿಭಾಗದ ಸೂಕ್ಷ್ಮದರ್ಶಕಗಳ ಮಸೂರ ಸರಿಮಾಡಲು ವರ್ಷಕ್ಕೆರಡು ಸಲ ಬರುತ್ತಿದ್ದ. ಅಕ್ಕ ಅವನಿಗೆ ಎಷ್ಟೋ ಸಲ ಚಹಾ ಕೊಟ್ಟಿದ್ದಳು. ಅಂಕಿಯಲ್ಲಿ ಕೂದಲೆಳೆಯ ಏರುಪೇರು ಹಿಡಿಯುವವಳಿಗೆ ಎದುರಿಗೇ ನಡೆದ ಇದು ಕಂಡಿರಲಿಲ್ಲ.

ಹನ್ನೆರಡು ವರ್ಷ ಹೀಗೆ ಹೋಯಿತು. ಎರಡನೆಯ ಕೋಣೆಯ ಮಂಚದ ಮೇಲಿನ ಹೊದಿಕೆಯನ್ನು ಅಕ್ಕ ಪ್ರತಿ ಭಾನುವಾರ ಬದಲಾಯಿಸುತ್ತಿದ್ದಳು. "ಯಾರೂ ಮಲಗದ ಹಾಸಿಗೆಗೆ ಒಗೆದ ಹೊದಿಕೆ ಯಾಕೆ?" ಎಂದು ಅತ್ತೆ ಕೇಳಿದರೆ "ಧೂಳು" ಎಂಬ ಉತ್ತರ. ಪತ್ರಿಕೆಯ ಕೊನೆಯ ಪುಟದಲ್ಲಿ ಊರುಗಳ ಉಷ್ಣಾಂಶ ಅಚ್ಚಾಗುತ್ತದೆ. ಅದರಲ್ಲಿ ತನ್ನೂರಿನದನ್ನು ಬಿಟ್ಟು ತಂಗಿಯ ಊರಿನದನ್ನು ಮೊದಲು ಓದುತ್ತಿದ್ದಳು. ಅಲ್ಲಿ ಸೆಕೆ ಏರಿದ ವಾರ ಇವಳಿಗೆ ಊಟ ಸೇರುತ್ತಿರಲಿಲ್ಲ. ಮನೆಯಿಂದ ಕೆಲಸಕ್ಕೆ ಹದಿನೆಂಟು ನಿಮಿಷದ ದಾರಿ. ದಾರಿಯುದ್ದಕ್ಕೂ ಕಲ್ಲಿನ ಬಿರುಕುಗಳಲ್ಲಿ ಗೋಣಿಸೊಪ್ಪು. ಅವಳು ಅದನ್ನು ತುಳಿಯದೆ, ಪಕ್ಕಕ್ಕೆ ಕಾಲಿಟ್ಟು ನಡೆಯುತ್ತಿದ್ದಳು. ಇಪ್ಪತ್ತೊಂದು ನಿಮಿಷ ಆಗುತ್ತಿತ್ತು.

ಐದನೆಯ ವರ್ಷ ಅವಳ ಕನ್ನಡಕದ ಕಡ್ಡಿ ಮುರಿಯಿತು. ಬೇಕೆಂದು ಮುರಿದಳೆನ್ನಲಾರೆ. ಆದರೆ ಎದುರು ಬೀದಿಯಲ್ಲೇ ಕನ್ನಡಕದಂಗಡಿ ಇದ್ದೂ ಮೂರು ತಿಂಗಳು ಅದಕ್ಕೆ ದಾರ ಸುತ್ತಿಕೊಂಡು ತಿರುಗಿದಳು. ಕೊನೆಗೊಂದು ರಜೆಯ ದಿನ ಐದು ಗಂಟೆ ಬಸ್ಸಿನಲ್ಲಿ ಕೂತು ತಂಗಿಯ ಊರಿಗೆ ಹೋಗಿ, ಅಂಗಡಿ ಹುಡುಕಿ, ಕನ್ನಡಕ ಬಿಚ್ಚಿ ಗಾಜಿನ ಮೇಜಿನ ಮೇಲಿಟ್ಟಳು.

ತಂಗಿಯ ಗಂಡ ಕನ್ನಡಕ ನೋಡಿದ, ದಾರ ನೋಡಿದ, ಅವಳನ್ನು ನೋಡಿದ. ಗುರುತು ಹಿಡಿದ. ಇಬ್ಬರೂ ಅದನ್ನು ಹೇಳಲಿಲ್ಲ.

"ಕೂತ್ಕೊಳ್ಳಿ. ಹತ್ತು ನಿಮಿಷ ಆಗುತ್ತೆ."

ಅಂಗಡಿಯ ಹಿಂದೆ ಪರದೆ, ಪರದೆಯ ಹಿಂದೆ ಮನೆ. ಅವಳು ಕೂತಳು. ಕನ್ನಡಕ ಇಲ್ಲದ್ದರಿಂದ ಏನೂ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಪರದೆಯ ಹಿಂದಿನಿಂದ ತಂಗಿಯ ದನಿ ಬಂತು. ಪಾಠ ಹೇಳಿಸಿಕೊಳ್ಳಲು ಬಂದ ಯಾವುದೋ ಮಗುವನ್ನು ಗದರುತ್ತಿದ್ದಳು. "ಏಳನ್ನ ಯಾಕೆ ಒಂದರ ಹಾಗೆ ಬರೀತೀಯ? ನೋಡಿದವರು ಏನಂತ ತಿಳ್ಕೋಬೇಕು?"

ಅಕ್ಕ ಎದ್ದು ನಿಂತಳು. ಮತ್ತೆ ಕೂತಳು.

"ಒಳಗೆ ನೀರು ಕುಡಿದು ಹೋಗ್ತೀರಾ?" ಎಂದು ತಂಗಿಯ ಗಂಡ ತೀರ ಮೆಲ್ಲಗೆ ಕೇಳಿದ.

"ಬೇಡ. ಬಸ್ಸಿದೆ."

ಕನ್ನಡಕ ಮುಖಕ್ಕೇರಿಸಿ ನೋಡಿದಾಗ ಪರದೆಯ ಮೇಲಿನ ಸಣ್ಣ ಹೂಗಳೆಲ್ಲ ಸ್ಪಷ್ಟವಾಗಿ ಕಂಡವು. ಅವಳು ಕೊಟ್ಟ ದುಡ್ಡನ್ನು ಅವನು ತೆಗೆದುಕೊಂಡ, ಅವಳು ಬಸ್ಸು ಹತ್ತಿದಳು. ಐದು ಗಂಟೆಯ ದಾರಿಯಲ್ಲಿ ಆ ಒಂದು ವಾಕ್ಯವನ್ನು ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿಕೊಂಡಳೋ ಅವಳೂ ಎಣಿಸಲಿಲ್ಲ. ಎಣಿಸದೆ ಬಿಟ್ಟದ್ದು ಅವಳ ಜೀವನದಲ್ಲಿ ಅಪರೂಪ.

ಈ ವರ್ಷ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದಳು. ಮೂವತ್ತನಾಲ್ಕರ ಚುರುಕು ಹೆಂಗಸು, ಮಾತು ನಡಿಗೆ ಎರಡೂ ಓಟ. ಹಳೆಯ ಕಪಾಟು ಖಾಲಿ ಮಾಡಿಸುವಾಗ ಅವಳಿಗೆ ಆ ರಿಜಿಸ್ಟರ್ ಸಿಕ್ಕಿತು. ನೆಲದ ಮೇಲೇ ಕೂತು ಓದಿದಳು.

"ಅಮ್ಮಾ, ಇದು ಯಾರ ಕೆಲಸ? ಎಂಟು ತಿಂಗಳ ಅಂಕಿ ಚಿನ್ನದ ಹಾಗಿದೆ. ಇದನ್ನ ಯಾಕೆ ನಿಲ್ಲಿಸಿದರು?"

"ಕೊನೆಯ ಪುಟ ನೋಡಿ."

ನೋಡಿದಳು. "ಓಹೋ. ಈ ಷರಾ ಬರೆದ ಪುಣ್ಯಾತ್ಮರು ಯಾರು?"

"ನಾನು."

"ಸಂಶೋಧಕಿ?"

"ನನ್ನ ತಂಗಿ."

ಹೊಸ ಮೇಡಂ ರಿಜಿಸ್ಟರ್ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಹೋದಳು. ಮರುದಿನ ಬಂದು ಲೆಕ್ಕಾಚಾರದ ದನಿಯಲ್ಲಿ ಹೇಳಿದಳು: ಬರದ ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ಮಾಡೋಣ, ಆ ನಾಲ್ಕು ಸಾಲು ಬಿಟ್ಟು ಹಳೆಯ ಎಂಟು ತಿಂಗಳನ್ನೂ ಜೊತೆಗೆ ಅಚ್ಚು ಹಾಕಿಸೋಣ, ನಿಮ್ಮ ತಂಗಿಯ ಹೆಸರಿನಲ್ಲೇ. ಅದಕ್ಕೆ ಅವರ ಒಪ್ಪಿಗೆ ಬೇಕು, ಸಹಿ ಬೇಕು. "ಕಾಗದ ನೀವೇ ಬರೀರಿ."

ಅಕ್ಕ ಬರೆದಳು. ವಿಭಾಗದ ಮೊಹರು ಹಾಕಿದ ಕಾಗದದಲ್ಲಿ ವಿಷಯ, ಉಲ್ಲೇಖ, ಕೆಳಗೆ ಏಳು ಸಾಲು, ಸಹಿ. 'ಚೆನ್ನಾಗಿದ್ದೀಯಾ' ಎಂದು ಕೇಳಲು ಎಂಟನೆಯ ಸಾಲು ಬೇಕಿತ್ತು. ಅದನ್ನು ಬೇರೊಂದು ಹಾಳೆಯಲ್ಲಿ ಬರೆದು ನೋಡಿದಳು, ಹರಿದಳು, ಮತ್ತೆ ಬರೆದಳು. ಕೊನೆಗೆ ಏಳೇ ಸಾಲು ಅಂಚೆಗೆ ಹೋಯಿತು. ಅದೇ ದಿನ ಕುಂಡಗಳಿಗೆ ನೀರು ನಿಂತಿತು.

ಕುಂಡಗಳು ಮೂರು. ಮುಂಜಾನೆಯ ಅಳತೆ ಅವಳದು. ಮೊದಲ ವಾರ ಹಿಂದಿನಂತೆಯೇ ಏನೂ ಇಲ್ಲ. ಉತ್ತರವೂ ಬರಲಿಲ್ಲ. ಅಂಚೆಯವನು ಬರುವ ಹೊತ್ತಿಗೆ ಅವಳಿಗೆ ಗೇಟಿನ ಬಳಿಯೇ ಏನಾದರೊಂದು ಕೆಲಸ ಬೀಳುತ್ತಿತ್ತು. "ಏನಮ್ಮ, ಗೇಟಿಗೂ ಟೈಟ್ರೇಷನ್ನಾ?" ಎಂದು ಕಾವಲುಗಾರ ಕೆಣಕಿದ.

ಎಂಟನೆಯ ಮುಂಜಾನೆ ರಸ ನಸುಗೆಂಪಾಗಲೇ ಇಲ್ಲ. ಎಂದಿನ ಗೆರೆ ದಾಟಿತು. ಇನ್ನೂ ಕ್ಷಾರ ಕುಡಿಯಿತು. ಅವಳು ತನ್ನ ಕೈಯನ್ನೇ ನಂಬದೆ ಇನ್ನೊಂದು ಕುಂಡದ ರಸ ತೆಗೆದುಕೊಂಡಳು. ಅದೂ ಹಾಗೇ. ಒಂಬತ್ತನೆಯ ದಿನ ಸಂಜೆಯದಕ್ಕಿಂತ ಮುಂಜಾನೆಯ ಹುಳಿ ಎರಡರಷ್ಟಾಯಿತು. ಹತ್ತಕ್ಕೆ ಮೂರರಷ್ಟು. ಹನ್ನೊಂದರಂದು ಅದಕ್ಕಿಂತ ಸ್ವಲ್ಪ ಹೆಚ್ಚು. ಹನ್ನೆರಡರಿಂದ ಅಲ್ಲೇ ನಿಂತಿತು. ಬಾಯಾರಿದ ಕಳೆ ತನ್ನ ದಿನಚರಿ ಬದಲಾಯಿಸಿತ್ತು. ಹಗಲು ಬಾಗಿಲು ಹಾಕಿಕೊಂಡು, ಕತ್ತಲಲ್ಲಿ ಇಂಗಾಲ ಹಿಡಿದು ಹುಳಿ ತುಂಬಿಕೊಳ್ಳುತ್ತಿತ್ತು. ಬದಲಾದದ್ದು ಸರಿಯಾಗಿ ಎಂಟರಿಂದ ಹನ್ನೊಂದರ ನಡುವೆ.

"ಅಯ್ಯೋ, ಇದು ಆವತ್ತೇ ಸಿಕ್ಕಿರ್ತಿತ್ತು!" ಎಂದು ಹೊಸ ಮೇಡಂ ಕುಣಿದಳು. ಆಮೇಲೆ ಅಕ್ಕನ ಮುಖ ನೋಡಿ ರಿಜಿಸ್ಟರಿನತ್ತ ತಿರುಗಿದಳು.

ಅಂದು ಸಂಜೆ ಅಕ್ಕ ಸೋದರತ್ತೆಗೆ ಫೋನು ಮಾಡಿದಳು. ಎಪ್ಪತ್ತೊಂಬತ್ತು ದಾಟಿದ ಅತ್ತೆಗೆ ಕಣ್ಣು ಮಂಜಾಗಿತ್ತು, ನಾಲಿಗೆ ಅಲ್ಲ.

"ಏನೇ, ಗಿಡಗಳೆಲ್ಲ ಸತ್ತುಹೋದ್ವಾ, ನನ್ನ ನೆನಪಾಯ್ತು?"

"ಅತ್ತೆ, ಅವಳಿಗೊಂದು ಮಾತು ತಿಳಿಸ್ಬೇಕಿತ್ತು. ಎಂಟನೇ ದಿನದಿಂದ ಹುಳಿ ಏರಿದೆ."

"ಯಾರ ಹುಳಿ?"

"ಗೋಣಿಸೊಪ್ಪಿನದು."

"ಹನ್ನೆರಡು ವರ್ಷ ಆದ್ಮೇಲೆ ತಂಗಿಗೆ ಸೊಪ್ಪಿನ ಸಮಾಚಾರ ಹೇಳಿ ಕಳಿಸ್ತಾಳೆ ನೋಡು! ಯಾಕೆ, 'ತಪ್ಪಾಯ್ತು' ಅಂತ ಒಂದು ಮಾತು ಬರೆದ್ರೆ ಕೈ ಸವೆದು ಹೋಗುತ್ತಾ?"

"ತಪ್ಪಾಗಿಲ್ವಲ್ಲ ಅತ್ತೆ. ಅವಳು ಅಳೆದಿರ್ಲಿಲ್ಲ."

"ಅಳೆದಿರ್ಲಿಲ್ಲ, ಒಪ್ಪಿದೆ. ಅವಳು ಅಳೆದಿರ್ಲಿಲ್ಲ, ನೀನು ಕೇಳಿರ್ಲಿಲ್ಲ. ನೀನು ಸರಿ ಕಣೆ. ಇರು, ಸರಿಯಾಗಿಯೇ ಇರು. ಒಬ್ಬಳೇ ಕೂತ್ಕೊಂಡು ಸರಿಯಾಗಿರು."

ಅಕ್ಕ ಫೋನು ಇಡಲಿಲ್ಲ. ಅತ್ತೆಯೇ ಕೆಮ್ಮಿ, "ಅದೇನಂದೆ, ಎಂಟನೇ ದಿನದಿಂದಲಾ? ಹೇಳ್ತೀನಿ ಬಿಡು" ಎಂದಳು.

ಹದಿನಾಲ್ಕನೆಯ ಮುಂಜಾನೆ ಕೊನೆಯ ಅಳತೆ. ಕುಂಡಗಳಿದ್ದ ಗಾಜಿನ ಮನೆಯಲ್ಲಿ ದೀಪ ಹಾಕುವಂತಿಲ್ಲ. ಬೆಳಕು ತಗುಲಿದರೆ ಎಲೆ ಹುಳಿ ಕರಗಿಸತೊಡಗುತ್ತದೆ. ಹಸಿರು ಕಾಗದ ಸುತ್ತಿದ ಟಾರ್ಚ್ ಹಿಡಿದು ಅವಳು ಮೊದಲ ಎರಡು ಕುಂಡಗಳ ಎಲೆ ಕಿತ್ತು, ತೂಗಿ, ಕೊಳವೆಗೆ ಹಾಕಿದಳು. ಮೂರನೆಯ ಕುಂಡ ಬಹಳ ಸೊರಗಿತ್ತು. ದಿನಕ್ಕೊಂದಿಷ್ಟು ಎಲೆ ಉದುರಿಸಿ, ಈಗ ಕೀಳಬಹುದಾದ್ದು ಕೊನೆಯ ಹಿಡಿ. ಅದನ್ನು ಕಿತ್ತು ತಕ್ಕಡಿಗೆ ಹಾಕುತ್ತಿದ್ದಾಗ ಬಾಗಿಲ ಹೊರಗೆ ಹೆಜ್ಜೆ ನಿಂತಿತು.

"ದೀಪ ಹಾಕಬೇಡಿ" ಎಂದಳು ತಿರುಗದೆ.

"ಗೊತ್ತು" ಎಂದಿತು ಹೊರಗಿನ ದನಿ.

ತಂಗಿ ಒಳಗೆ ಬಂದು, ಹಿಂದಿನ ಅಭ್ಯಾಸದಂತೆ ಬಾಗಿಲನ್ನು ಸಂದಿಲ್ಲದೆ ಮುಚ್ಚಿದಳು. ಭುಜದ ಮೇಲೆ ಬ್ಯಾಗು, ಮುಖದ ಮೇಲೆ ರಾತ್ರಿಯ ಬಸ್ಸು. ಮೈ ತುಂಬಿಕೊಂಡಿತ್ತು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಅಕ್ಕ ಎಣಿಸಿದಳು.

"ಕಾವಲಿನವನು ಬಿಟ್ಟನಾ?"

"ನಿಮ್ಮ ಅಕ್ಕ ಯಾರು ಅಂದ. ತಕ್ಕಡಿ ಅಂದೆ. ತಕ್ಷಣ ಬಿಟ್ಟ."

"ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಬರಬಹುದಿತ್ತು. ಆಫೀಸು ಹತ್ತಕ್ಕೆ ತೆಗೆಯುತ್ತೆ."

"ಆಫೀಸಿಗೆ ಬಂದಿದ್ರೆ ಆಫೀಸಿನ ಅಕ್ಕ ಸಿಗ್ತಿದ್ಲು. ಏಳು ಸಾಲಿನವಳು." ತಂಗಿ ಬ್ಯಾಗಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. "ಸಹಿ ಹಾಕಿದ್ದೀನಿ. ಮಧ್ಯಾಹ್ನದ ಬಸ್ಸಿಗೆ ಹೋಗ್ಬೇಕು."

"ಹೂಂ."

"ಅಂಗಡಿಗೆ ಬಂದಿದ್ದೆಯಂತೆ. ನೀನು ಬಸ್ಸು ಹತ್ತಿದ ಮೇಲೆ ಹೇಳಿದ್ರು ಮಹಾನುಭಾವರು. ನಾಲ್ಕು ದಿನ ಅವರ ಜೊತೆ ಮಾತು ಬಿಟ್ಟಿದ್ದೆ."

"ಅವರದೇನು ತಪ್ಪು? ನಾನೇ ಬೇಡ ಅಂದೆ."

"ಅದೇ ಹೇಳಿದ್ರು." ತಂಗಿ ಮೂರನೆಯ ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬರಿದಾದ ದಂಟನ್ನು ಮುಟ್ಟಿದಳು. "ಆವತ್ತು ನಾನು ಅಳೆಯದೆ ಬಿಟ್ಟ ನಾಲ್ಕು ದಿನ ಅವರಮ್ಮ ಆಸ್ಪತ್ರೇಲಿದ್ರು. ನೋಡ್ಕೊಳ್ಳೋಕೆ ಹೆಣ್ಣು ದಿಕ್ಕಿರ್ಲಿಲ್ಲ. ನಾನು ಹೋದೆ. ಐದನೇ ದಿನ ತೀರ್ಕೊಂಡ್ರು."

ಅಕ್ಕ ತಕ್ಕಡಿಯ ಮುಳ್ಳನ್ನು ನೋಡುತ್ತಿದ್ದಳು.

"ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು. ಅವರ ಸುದ್ದಿಯನ್ನೇ ನಿಂಗೆ ಹೇಳಿರ್ಲಿಲ್ಲ, ಆಸ್ಪತ್ರೆ ಸುದ್ದಿ ಹೇಗೆ ಹೇಳ್ಲಿ? ಬಂದ ಮೇಲೆ ಕೇಳ್ತೀಯ, ಆಗ ಎಲ್ಲಾ ಹೇಳಿಬಿಡ್ತೀನಿ ಅಂತ ಕಾಯ್ಕೊಂಡು ಕೂತಿದ್ದೆ. ಅಡುಗೆ ಕೂಡ ಮಾಡಿಟ್ಟಿದ್ದೆ."

ಅಂದು ಅಕ್ಕ ಊಟ ಮಾಡದೆ ಮಲಗಿದ್ದಳು. ಅಡುಗೆ ಏನಿತ್ತೆಂದು ಮುಚ್ಚಳ ತೆಗೆದೂ ನೋಡಿರಲಿಲ್ಲ.

"ಒಂಬತ್ತನೇ ದಿನ ಎಷ್ಟು ಬಂತು?" ತಂಗಿ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಸಂಜೆಯದಕ್ಕಿಂತ ಎರಡರಷ್ಟು."

"ನಾನು?"

"ನೀನು ಒಂದೇ ಸಮ ಬರೆದಿದ್ದೆ. ಕಡಿಮೆ ಬರೆದಿದ್ದೆ."

ತಂಗಿ ನಕ್ಕಳು, ಅರ್ಧ ನಗುವಿನಲ್ಲಿ ನಿಲ್ಲಿಸಿದಳು. "ಸುಳ್ಳು ಹೇಳೋಕೂ ಬರ್ಲಿಲ್ಲ ನೋಡು ನಂಗೆ. ಎಂಟು ತಿಂಗಳು ಇದರ ಮುಂದೆ ಕೂತಿದ್ದೆ ಅಕ್ಕಾ. ಇದು ಯಾವಾಗ ಹುಳಿಯಾಗುತ್ತೆ ಅಂತ ಕಾಯ್ತಾ ಕೂತಿದ್ದೆ. ಆದಾಗ ನಾನೇ ಇರ್ಲಿಲ್ಲ. ಈಗಲೂ ರಸ್ತೇಲಿ ಕಂಡ್ರೆ ನಿಂತು ನೋಡ್ತೀನಿ, ಅವರು ಕೈ ಹಿಡಿದು ಎಳ್ಕೊಂಡು ಹೋಗ್ತಾರೆ."

ಪೂರ್ವದ ಗೋಡೆಯ ಮೇಲಂಚು ಬೆಳ್ಳಗಾಗಿತ್ತು. ಇನ್ನು ಐದಾರು ನಿಮಿಷಕ್ಕೆ ಬಿಸಿಲು ಗಾಜು ದಾಟಿ ಕುಂಡದ ಮೇಲೆ ಬೀಳುತ್ತದೆ. ತಕ್ಕಡಿಯ ತಟ್ಟೆಯಲ್ಲಿ ಮೂರನೆಯ ಕುಂಡದ ಎಲೆ. ಎರಡು ಗ್ರಾಂ, ಸರಿಯಾಗಿ. ಅಕ್ಕ ಅದನ್ನು ತೆಗೆದು ಮತ್ತೊಮ್ಮೆ ತೂಗಲಿಲ್ಲ. ಕೊಳವೆ ಪಕ್ಕದಲ್ಲೇ ಮುಚ್ಚಳ ತೆರೆದು ಕಾಯುತ್ತಿತ್ತು. ಅವಳು ತಟ್ಟೆಯನ್ನೇ ಎತ್ತಿ, ತಂಗಿಯ ಕೈ ಹಿಡಿದು, ಎಲೆಗಳನ್ನೆಲ್ಲ ಅವಳ ಅಂಗೈಗೆ ಸುರಿದಳು.

"ಬಾಯಿಗೆ ಹಾಕ್ಕೋ."

ತಂಗಿ ಅಂಗೈ ನೋಡಿದಳು, ಎಲೆಯಿಲ್ಲದ ಕುಂಡ ನೋಡಿದಳು. "ಅಕ್ಕಾ, ಇದು ಕೊನೇ ದಿನದ್ದು."

"ಗೊತ್ತು."

"ಬೇರೆ ಎಲೆ ಇಲ್ಲ. ಸಾಲು ಖಾಲಿ ಬೀಳುತ್ತೆ."

"ಗೊತ್ತು ಅಂದ್ನಲ್ಲ. ಬಿಸಿಲು ಬಂದು ಹುಳಿ ಹೋಗೋ ಮೊದಲು ತಿನ್ನು."